ಸಿಂಕಿಗೆ ಹೋದದ್ದು ಬಾವಿಗೆ ಬರುತ್ತದೆ

ಬಂಗುಡೆ ಫ್ರೈ ಮಾಡಿದ ಕಾವಲಿಯಲ್ಲಿ ಉಳಿದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಮಂಗಳೂರಿನ ಎಷ್ಟೋ ಮನೆಗಳಲ್ಲಿ ನೇರ ಸಿಂಕಿಗೆ. ಮೇಲಿಂದ ಸ್ವಲ್ಪ ಬಿಸಿನೀರು, ಒಂದಿಷ್ಟು ಲಿಕ್ವಿಡ್ ಸುರಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ನೋಡಿದ್ದೀರಲ್ವಾ, ಪೈಪಿನೊಳಗೂ ಅದೇ ಆಗುವುದು. ಅದಕ್ಕೆ ಅನ್ನದ ಅಗುಳು, ಮಸಾಲೆ, ಸೋಪಿನ ನೊರೆ ಎಲ್ಲ ಅಂಟಿಕೊಂಡು ಕೊನೆಗೆ ಒಂದು ದಿನ ಕೊಳಚೆ ನೀರು ಅಂಗಳಕ್ಕೋ ಪಕ್ಕದ ತೋಡಿಗೋ ಉಕ್ಕುತ್ತದೆ.

ಒಳಚರಂಡಿ ಇಲ್ಲದ ಕಡೆ ಕಥೆ ಇನ್ನೂ ಹತ್ತಿರದ್ದು. ನಮ್ಮದು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲ. ಕಲ್ಲು ಕಡಿದಲ್ಲಿ ಹೋಗಿ ನೋಡಿ, ಮೈತುಂಬ ತೂತು. ಮಳೆನೀರನ್ನು ಬಾವಿಗೆ ಇಳಿಸುವುದೂ ಅದೇ ತೂತು, ಪಿಟ್ಟಿನ, ಅಂದರೆ ಮನೆಯ ಕೊಳಚೆ ಇಂಗುವ ಗುಂಡಿಯ ನೀರನ್ನು ಬಾವಿಗೆ ತಲುಪಿಸುವುದೂ ಅದೇ. ಬಾವಿಗೂ ಪಿಟ್ಟಿಗೂ ಕನಿಷ್ಠ 50-60 ಅಡಿ ದೂರ ಬೇಕು ಅನ್ನುತ್ತಾರೆ. ಐದು ಸೆಂಟ್ಸ್ ಜಾಗ ಅಂದರೆ ಉದ್ದ-ಅಗಲ ಎರಡೂ ಹೆಚ್ಚುಕಡಿಮೆ 47 ಅಡಿ, ಅದರಲ್ಲೇ ಮನೆ, ಬಾವಿ, ಕಾರು ನಿಲ್ಲಿಸುವ ಜಾಗ. ಇನ್ನು ದೂರ ಎಲ್ಲಿಂದ ತರುವುದು? ನಮ್ಮದನ್ನು ಸರಿಯಾಗಿ ಹಿಂದೆ ಹಾಕಿದರೂ ಕಂಪೌಂಡಿನ ಆಚೆ ಪಕ್ಕದ ಮನೆಯವರ ಪಿಟ್ಟು ಇರುತ್ತದೆ. ಪಿಟ್ಟು ಇದ್ದಲ್ಲೇ ಇರಲಿ, ಅದಕ್ಕೆ ಏನು ಬೀಳುತ್ತದೆ ಅನ್ನುವುದಾದರೂ ನಮ್ಮ ಕೈಯಲ್ಲಿದೆ.

ನಮ್ಮನೆಯಲ್ಲಿ ಈಗ ಕಾವಲಿಯನ್ನು ಹಳೇ ಪೇಪರಿನಿಂದ ಒರೆಸಿಯೇ ತೊಳೆಯಲು ಹಾಕುತ್ತೇವೆ. ಆ ಪೇಪರು ಸೀದಾ ಬಚ್ಚಲ ಒಲೆಗೆ, ಚೆನ್ನಾಗಿ ಹತ್ತಿಕೊಳ್ಳುತ್ತದೆ. ಎಣ್ಣೆ ಹೋದ ಮೇಲೆ ಲಿಕ್ವಿಡ್ ಅರ್ಧ ಸಾಕು. ಸೋಪು ಜಾಸ್ತಿ ಹಾಕುವುದೇ ಎಣ್ಣೆ ಬಿಡಿಸಲಿಕ್ಕೆ ತಾನೆ?

ಬಟ್ಟೆ ಒಗೆದ ನೀರನ್ನು ತೆಂಗಿನ ಬುಡಕ್ಕೆ ಬಿಡುವುದು ನಮ್ಮಲ್ಲಿ ಹಳೇ ರೂಢಿ, ಒಳ್ಳೆಯದೇ. ಆದರೆ ಅಜ್ಜಿಯ ಕಾಲದ ಬಾರ್ ಸೋಪಿನ ನೀರು ಬೇರೆ, ಇವತ್ತಿನ ವಾಷಿಂಗ್ ಮೆಷಿನ್ ಪೌಡರಿನ ನೀರು ಬೇರೆ. ಪೌಡರಿನಲ್ಲಿ ಸೋಡಿಯಂ ಲವಣ ಜಾಸ್ತಿ, ದಿನಾ ಒಂದೇ ಬುಡಕ್ಕೆ ಬಿದ್ದರೆ ಮಣ್ಣು ಕೆಡುತ್ತದೆ. ಪೌಡರ್ ಕಡಿಮೆ ಹಾಕಿ, ಪೈಪನ್ನು ಆಗಾಗ ಬೇರೆ ಮರಕ್ಕೆ ತಿರುಗಿಸಿ. ಪತ್ರೊಡೆಗೆ ಅಂತ ಬೆಳೆಸಿದ ಕೆಸುವಿಗೆ ಮಾತ್ರ ದಯವಿಟ್ಟು ಬೇಡ!

ಅವಧಿ ಮುಗಿದ ಮಾತ್ರೆ, ಸಿರಪ್ಪನ್ನು ಕಮೋಡಿಗೆ ಹಾಕಿ ನೀರು ಬಿಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಮಕ್ಕಳ ಕೈಗೆ ಸಿಗಬಾರದು ಅಂತ ಹಾಗೆ ಮಾಡುತ್ತಾರೆ, ಸರಿ, ಆದರೆ ಆ್ಯಂಟಿಬಯೋಟಿಕ್ ಪಿಟ್ಟಿಗೆ ಬಿದ್ದರೆ ಅಲ್ಲಿ ಕೊಳೆಯಿಸುವ ಕೆಲಸ ಮಾಡುವ ಬ್ಯಾಕ್ಟೀರಿಯಾಗಳಿಗೇ ಪೆಟ್ಟು. ಬಣ್ಣದ ಬ್ರಷ್ ತೊಳೆದ ಥಿನ್ನರ್ ಕೂಡ ಹಾಗೆಯೇ, ಚರಂಡಿಗೆ ಚೆಲ್ಲಬೇಡಿ.

'ನಾವು ಕುದಿಸಿಯೇ ಕುಡಿಯುವುದು' ಅಂತ ಕೆಲವರು ಧೈರ್ಯವಾಗಿರುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಪಿಟ್ಟಿನ ಕೊಳಚೆಯಿಂದ ಬಂದು ನೀರಿನಲ್ಲಿ ಕರಗಿದ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ, ನೀರು ಆವಿಯಾಗುವುದರಿಂದ ಅದರ ಪ್ರಮಾಣ ಸ್ವಲ್ಪ ಹೆಚ್ಚೇ ಆಗುತ್ತದೆ.

ಬಾವಿ ನೀರು ಟೆಸ್ಟ್ ಮಾಡಿಸುವುದಾದರೆ ಬೇಸಿಗೆಯಲ್ಲೊಮ್ಮೆ ಮಾಡಿಸಿ ಸುಮ್ನೆ ಕೂರಬೇಡಿ. ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆಯಲ್ಲಿ ಬಾವಿ ನೀರು ಕೈಗೆಟುಕುವಷ್ಟು ಮೇಲೆ ಬಂದಿರುತ್ತದಲ್ಲ, ಆಗ ನೆಲದೊಳಗಿನ ನೀರು ಪಿಟ್ಟಿನ ಮಟ್ಟಕ್ಕೂ ಏರಿರುತ್ತದೆ. ಆಗಿನ ನೀರನ್ನೇ ಬಾಟಲಿಯಲ್ಲಿ ತುಂಬಿಸಿ ಲ್ಯಾಬಿಗೆ ಕೊಡಿ.