ದೆಹಲಿಯಲ್ಲಿ ನಮ್ಮ ಪರವಾಗಿ ಯಾರು ಮಾತಾಡುತ್ತಾರೆ?

ನಮ್ಮದು ಗದಗ ತಾಲ್ಲೂಕಿನ ಸಣ್ಣ ಸಂಸ್ಥೆ. ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತೇವೆ. ಮೊದಲು ದೊಡ್ಡ ಸಂಸ್ಥೆಯೊಂದು ತನಗೆ ಬಂದ ವಿದೇಶಿ ದೇಣಿಗೆಯಲ್ಲಿ ಸ್ವಲ್ಪ ನಮಗೂ ಕೊಡುತ್ತಿತ್ತು, ನೋಂದಣಿ ಎಲ್ಲ ಸರಿಯಾಗಿಯೇ ಇತ್ತು. 2020ರಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿ ಬಂತು ನೋಡಿ, ಆ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗೇ ಇಲ್ಲ ಎಂದಾಯಿತು, ಅದರಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಮಿತಿಯೂ ಶೇ. 50ರಿಂದ 20ಕ್ಕೆ ಇಳಿಯಿತು. ಇದನ್ನೆಲ್ಲ ದೆಹಲಿಗೆ ಹೋಗಿ ಹೇಳುವ ಶಕ್ತಿ ನಮಗೆಲ್ಲಿದೆ? ರೈಲಿನ ಟಿಕೆಟ್ಟಿಗೇ ಮಕ್ಕಳ ನೋಟ್‌ಬುಕ್ಕಿನ ದುಡ್ಡು ಹೋಗುತ್ತದೆ.

ಅದಕ್ಕೇ ‘ವಾಣಿ’ಯಂಥ ಒಕ್ಕೂಟ ಬೇಕು. 1988ರಲ್ಲಿ ಶುರುವಾದ, ದೇಶದ ಸ್ವಯಂಸೇವಾ ಸಂಸ್ಥೆಗಳ ಜಾಲ ಅದು. ತಿದ್ದುಪಡಿ ಬಂದಾಗ ಬಹಿರಂಗವಾಗಿ ಆಕ್ಷೇಪ ಎತ್ತಿತು. ಕಾನೂನು ಬದಲಾಗಲಿಲ್ಲ, ನಿಜ. ಆದರೂ ಸುಮ್ನೆ ಕೂರಲಿಲ್ಲ ಅಲ್ವಾ? ಹೊಸ ನಿಯಮಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ನಮ್ಮ ಹಳ್ಳಿತನಕ ಬರಬೇಕು, ಅದು ನನ್ನ ದೊಡ್ಡ ಆಸೆ.