ಹೊನ್ನಾವರದಲ್ಲಿ ಕೊನೆಗೂ ಗಾಡಿ ನಿಲ್ಸಿದ್ವಿ

ನಾನು ಹುಟ್ಟಿ ಬೆಳೆದಿದ್ದು ಸಾಗರದಲ್ಲಿ. ಚಿಕ್ಕೋಳಿದ್ದಾಗ ಹೊನ್ನಾವರ ಅಂದ್ರೆ ನಂಗೆ ಊರಲ್ಲ, ಹಾರ್ನ್ ಸೌಂಡು. ಮೀನಿನವ್ರ ಲೂನಾ ಪೋಂ ಪೋಂ ಅಂತ ನಮ್ಮ ರಸ್ತೆಗೆ ತಿರುಗಿದ ತಕ್ಷಣ ಅಮ್ಮ ಪಾತ್ರೆ ಹಿಡ್ಕೊಂಡು ಓಡೋಳು, ಎಲ್ಲಿಂದು ಅಂತ ಕೇಳಿದ್ರೆ ಆ ಮನುಷ್ಯ ಯಾವತ್ತೂ ಒಂದೇ ಮಾತು, "ಹೊನ್ನಾವರದ್ದಮ್ಮ, ರಾತ್ರಿ ಬಂದಿದ್ದು". ಆಮೇಲೆ ದೊಡ್ಡೋರಾದ್ವಿ, ಕಾರು ಬಂತು, ಮುರ್ಡೇಶ್ವರಕ್ಕೆ ಗೋಕರ್ಣಕ್ಕೆ ಇಡಗುಂಜಿಗೆ ಅಂತ ಎಷ್ಟು ಸಲ ಘಟ್ಟ ಇಳಿದ್ವೋ ಲೆಕ್ಕ ಇಲ್ಲ, ಆದ್ರೆ ಪ್ರತಿ ಸಲ ಹೊನ್ನಾವರ ಸರ್ಕಲ್‌ಗೆ ಬಂದು ಎಡಕ್ಕೋ ಬಲಕ್ಕೋ ತಿರುಗಿಸ್ಕೊಂಡು ಹೋಗಿದ್ದೇ. ಈ ಸಲ ದೀಪಾವಳಿ ಆದ್ಮೇಲೆ ತಮ್ಮ ರಜದ ಮೇಲೆ ಬಂದಿದ್ದ, ಎರಡು ದಿನ ಹೊನ್ನಾವರದಲ್ಲೇ ಇರೋಣ ಅಂದೆ. ಅಲ್ಲೇನಿದೆ ಅಂದ. ಮೀನಿದೆ ಅಂದ್ಳು ಅಮ್ಮ, ಮುಗೀತು.

ಜೋಗ, ಮಾವಿನಗುಂಡಿ ದಾಟಿ ಗೇರುಸೊಪ್ಪೆ ಕಡೆ ಇಳಿದ್ಮೇಲೆ ಶರಾವತಿ ನಮ್ಮ ಜೊತೆಗೇ ಬರ್ತಾಳೆ. ಅಂಬುತೀರ್ಥದಲ್ಲಿ ಹುಟ್ಟೋದು ನೋಡಿದೀನಿ, ಲಿಂಗನಮಕ್ಕಿ ಹಿನ್ನೀರಲ್ಲಿ ಲಾಂಚ್ ಹತ್ತಿದೀನಿ, ಸಮುದ್ರ ಸೇರೋದು ಮಾತ್ರ ಕಿಟಕಿಯಿಂದ ನೋಡಿದ್ದು. ಬರೀ 128 ಕಿಲೋಮೀಟರ್ ಹೊಳೆ, ಅಷ್ಟನ್ನೂ ಪೂರ್ತಿ ನೋಡೋಕೆ ನಂಗೆ ಮೂವತ್ತೆಂಟು ವರ್ಷ ಬೇಕಾಯ್ತು!

ಮಾರನೇ ದಿನ ಬೆಳಿಗ್ಗೆ ಆರಕ್ಕೇ ಹೊಳೆಯ ಆಚೆ ದಡ, ಕಾಸರಕೋಡ ಬಂದರು. ಬೋಟುಗಳು ಒಂದಕ್ಕೊಂದು ಅಂಟ್ಕೊಂಡು ನಿಂತಿದ್ವು, ಬುಟ್ಟಿ ಬುಟ್ಟಿ ಬಂಗಡೆ, ತಾರ್ಲೆ, ಶೆಟ್ಲಿ (ಸಿಗಡಿ), ಮೇಲೆ ಹದ್ದುಗಳು, ಕಾಲಡಿ ಐಸ್ ನೀರು, ನನ್ನ ಹೊಸ ಚಪ್ಪಲಿ ಕಥೆ ಅಲ್ಲಿಗೇ ಮುಗೀತು. ಒಬ್ಬ ಹೆಂಗಸು ಅಮ್ಮನ್ನ ನೋಡಿ "ತಕಳ್ರಾ ಅಮ್ಮ, ಈಗ ಬಂದದ್ದು" ಅಂತ ರೇಟ್ ಹೇಳಿದ್ರು. ಅಮ್ಮಂಗೆ ಹೊಟ್ಟೆ ಉರೀತು, ಇದೇ ಮೀನಿಗೆ ನಮ್ಮೂರಲ್ಲಿ ಎರಡರಷ್ಟು ತಗೋತಾರಲ್ಲ ಅಂದ್ಳು. ಆಕೆ ನಕ್ಕು "ಘಟ್ಟ ಹತ್ತೂಕೆ ಮೀನೂ ಬಾಡ್ಗಿ ಕೊಡ್ಬೇಕಲ್ರಾ" ಅಂದ್ರು. ಅಮ್ಮ ಅವ್ರ ಪಕ್ಕದಲ್ಲೇ ಕೂತ್ಬಿಟ್ಳು, ಅರ್ಧ ಗಂಟೆ ಮಸಾಲೆ ಮಾತು.

ಅಷ್ಟರಲ್ಲಿ ನಾನು ತಮ್ಮ ಬಲೆ ಹೆಣಿತಾ ಕೂತಿದ್ದ ಅಜ್ಜನ ಹತ್ರ ಮಾತಾಡ್ತಿದ್ವಿ. ಅಳಿವೆ ಬಾಯಲ್ಲಿ ಮರಳು ತುಂಬಿ ಬೋಟು ಹೊರಗೆ ಹೋಗೋದೇ ಕಷ್ಟ ಅಂತೆ, ನೀರು ಏರೋವರೆಗೆ ಕಾಯ್ಬೇಕು, ಅಲೆ ಅಡ್ಡ ಹೊಡೆದ್ರೆ ಬೋಟೇ ಮಗುಚುತ್ತೆ. ಜೂನ್ ಒಂದರಿಂದ ಜುಲೈ ಕೊನೆವರೆಗೆ 61 ದಿನ ಟ್ರಾಲ್ ಬೋಟು ಹೇಗೂ ಇಳಿಯೋ ಹಾಗಿಲ್ಲ, ಆಗ ಒಣಮೀನೇ ಗತಿ. ಇಲ್ಲೇ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಜನ ಹೋರಾಟ ಮಾಡಿದ್ದು ಪೇಪರಲ್ಲಿ ಓದಿದ್ದೆ, ಆ ಮರಳಲ್ಲಿ ಮೀನು ಒಣಗಿಸೋದು ನೋಡಿದ್ಮೇಲೆ ಯಾಕೆ ಅಂತ ಅರ್ಥ ಆಯ್ತು, ಅವ್ರಿಗೆ ಅದು ಬೀಚ್ ಅಲ್ಲ, ಅಂಗಳ. ಪಕ್ಕದ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲಾಗ್ ಅಂತ ಕ್ಲೀನ್ ಬೀಚಿಗೆ ಕೊಡೋ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ, ಕ್ಲೀನಾಗಿದೆ ನಿಜ, ಆದ್ರೆ ನಂಗೆ ಹತ್ತು ನಿಮಿಷಕ್ಕೇ ಬೋರಾಯ್ತು.

ಈ ಊರು ಇವತ್ತು ನಿನ್ನೇದಲ್ಲ. 14ನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬಂದಾಗ ಇಲ್ಲಿ ಹುಡುಗೀರಿಗೆ 13, ಹುಡುಗರಿಗೆ 23 ಶಾಲೆ ನೋಡಿದೆ ಅಂತ ಬರ್ದಿಟ್ಟಿದಾನೆ. ನಮ್ಮ ಸಾಗರದ ಪಕ್ಕದ ಕೆಳದಿ ನಾಯಕರೂ ಬಿಟ್ಟಿಲ್ಲ, ಸಮುದ್ರದ ಮಧ್ಯ ಬಸವರಾಜ ದುರ್ಗ ಅಂತ ದ್ವೀಪದಲ್ಲೇ ಕೋಟೆ ಕಟ್ಟಿದಾರೆ. ಆ ದಿನ ಗಾಳಿ ಜೋರಿತ್ತು, ದೋಣಿಯವ್ರು ಬೇಡ ಅಂದ್ರು, ದಡದಿಂದ್ಲೇ ಕೈಮುಗಿದ್ವಿ. ಸಂಜೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯ ಹಾಕಿರೋ ಮರದ ಸೇತುವೆ ಮೇಲೆ ನಡೆದ್ವಿ, ಇಳಿತ ಇದ್ದಿದ್ರಿಂದ ಕೆಸರಲ್ಲಿ ಪುಟಾಣಿ ಏಡಿಗಳು ಓಡಾಡ್ತಿದ್ವು, ಬೇರುಗಳು ಮೊಳೆ ಹೊಡೆದ ಹಾಗೆ ಮೇಲಕ್ಕೆ ಎದ್ದಿದ್ವು. ಕೊಂಕಣ ರೈಲ್ವೆದು ಎರಡು ಕಿಲೋಮೀಟರ್ ದಾಟೋ ಸೇತುವೆ ಇರೋದೂ ಇದೇ ಹೊಳೆಗೆ. ಮೊದ್ಲೇ ಗೊತ್ತಿದ್ರೆ ರೈಲಲ್ಲೂ ಒಂದು ರೌಂಡ್ ಹೋಗ್ತಿದ್ದೆ. ಅಪ್ಸರಕೊಂಡದಲ್ಲಿ ಜಲಪಾತಕ್ಕಿಂತ ಮೇಲಿನ ಗುಡ್ಡದಿಂದ ಕಾಣೋ ಸಮುದ್ರ ಚೆನ್ನಾಗಿದೆ, ಅಷ್ಟು ಹೇಳ್ತೀನಿ.

ವಾಪಸ್ ಬರ್ತಾ ಗೇರುಸೊಪ್ಪೆ ಹತ್ರ ನಗರಬಸ್ತಿಕೇರಿಗೆ ಹೋದ್ವಿ, ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಬರೀ ಕಾಡು, ನಾವು ಮೂರೇ ಜನ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೀತಿದ್ದ ಚೆನ್ನಭೈರಾದೇವಿ ಆಳಿದ ಊರಿದು, ಇಲ್ಲಿಂದ ಮೆಣಸು ಹೊಳೆಗುಂಟ ಇಳಿದು ಹೊನ್ನಾವರದಿಂದ ಹಡಗು ಹತ್ತೋದು. ಅಂದ್ರೆ ಘಟ್ಟದ ಮಾಲು ಕೆಳಗೆ, ಕೆಳಗಿನ ಮೀನು ಮೇಲೆ, ಲೂನಾದವ್ರು ಸುಮ್ನೆ ಹಳೇ ದಾರೀಲೇ ಬರ್ತಿದ್ರು ಅನ್ನಿ.

ಅಮ್ಮ ಎರಡು ಕೆಜಿ ಒಣ ಶೆಟ್ಲಿ ತಗೊಂಡು ಮೂರು ಕವರಲ್ಲಿ ಸುತ್ತಿ ತಮ್ಮನ ಕಾರಿನ ಡಿಕ್ಕೀಲಿಟ್ಟಿದ್ಳು. ಅದ್ರಲ್ಲಿ ಒಂದು ಒಡೆದಿತ್ತು. ತಮ್ಮ ಬೆಂಗಳೂರಿಗೆ ಹೋಗಿ ಮೂರು ವಾರ ಆಯ್ತು, ಇವತ್ತೂ ಆಫೀಸಿಗೆ ಗ್ಲಾಸ್ ಇಳಿಸ್ಕೊಂಡೇ ಹೋಗ್ತಿದಾನಂತೆ, ನನ್ನ ಫೋನ್ ಎತ್ತಲ್ಲ.