ಅಪ್ಪ ಓದಿದ 48 ಪುಟ

ಕಳೆದ ವಾರ 450 ಡಾಲರ್ ಕೊಟ್ಟು ಇನ್ನೊಬ್ಬರ ಮನೆಯ ಹುಳುಕು ಪಟ್ಟಿ ಮಾಡಿಸಿದೆವು. ಮನೆ ಇನ್ನೂ ನಮ್ಮದಾಗಿಲ್ಲ. ಆಗದೇ ಹೋದರೂ ಆ ದುಡ್ಡು ವಾಪಸ್ ಬರುವುದಿಲ್ಲ.

ಉಡುಪಿಗೆ ಫೋನ್ ಮಾಡಿ ಹೇಳಿದೆ. ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. "ಎಂತ ಮಾರಾಯ್ತಿ, ಮಾರುವವನ ಮನೆ ನೋಡ್ಲಿಕ್ಕೆ ದುಡ್ಡು ನೀವು ಕೊಡುವುದಾ? ಬಂಗುಡೆ ತಕೊಳ್ಳುವಾಗ ಕಿವಿರು ಎತ್ತಿ ನೋಡ್ಲಿಕ್ಕೆ ದುಡ್ಡು ಕೊಡ್ತೇವಾ?"

ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಇಲ್ಲಿ ಓಹಾಯೋದಲ್ಲಿ ಮಾತ್ರವಲ್ಲ, ಅಮೆರಿಕದ ಹೆಚ್ಚಿನ ಕಡೆ ಹೋಮ್ ಇನ್ಸ್‌ಪೆಕ್ಷನ್ ಅಂದರೆ ಕೊಳ್ಳುವವರ ಖರ್ಚು. ನಮ್ಮ ಆಫರ್ ಒಪ್ಪಿದ ಮೇಲೆ ಒಂದು ವಾರ, ಹತ್ತು ದಿನ ಅಂತ ಗಡುವು ಇರುತ್ತದೆ. ಅಷ್ಟರೊಳಗೆ ಇನ್ಸ್‌ಪೆಕ್ಟರ್ ಬಂದು ಮಾಡು (ಛಾವಣಿ), ಅಟ್ಟ, ಕರೆಂಟಿನ ಪೆಟ್ಟಿಗೆ, ನೀರಿನ ಹೀಟರ್, ಬೇಸ್‌ಮೆಂಟ್ ಎಲ್ಲ ನೋಡಬೇಕು. ಅವನ ವರದಿ ಹಿಡಿದು ರಿಪೇರಿ ಕೇಳಬಹುದು, ಬೆಲೆ ಇಳಿಸಲು ಹೇಳಬಹುದು. ಕರಾರಿನಲ್ಲಿ ಆ ಷರತ್ತು ಇದ್ದರೆ ಮುಂಗಡ ವಾಪಸ್ ಪಡೆದು ಎದ್ದು ಬರಲೂಬಹುದು. ಗೋಡೆ ಒಡೆದು ನೋಡುವುದಿಲ್ಲ, ಕಣ್ಣಿಗೆ ಕಂಡದ್ದಷ್ಟೇ. ಒಳಚರಂಡಿಯ ಪೈಪಿಗೆ ಕ್ಯಾಮೆರಾ ಬಿಡಬೇಕಾದರೆ ಬೇರೆ ದುಡ್ಡು, ರೇಡಾನ್ ಅನಿಲದ ಪರೀಕ್ಷೆಗೆ ಮತ್ತೆ ಬೇರೆ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಒಬ್ಬ ಮುದುಕ ಇದ್ದಾನೆ. ಜೀವಮಾನವಿಡೀ ಪ್ಲಂಬರ್ ಕೆಲಸ ಮಾಡಿದವನು. ಮೆಟ್ಟಿಲಲ್ಲಿ ಸಿಕ್ಕಾಗ ನನ್ನ ಗೊಣಗಾಟ ಕೇಳಿ ನಕ್ಕ. "ಮಾರುವವನು ದುಡ್ಡು ಕೊಟ್ಟರೆ ಇನ್ಸ್‌ಪೆಕ್ಟರ್ ಏಣಿಯನ್ನೇ ತರುವುದಿಲ್ಲ" ಅಂದ. ಏಜೆಂಟ್ ಹೇಳಿದವನನ್ನೂ ಕಣ್ಣು ಮುಚ್ಚಿ ಕರೀಬೇಡ, ವ್ಯಾಪಾರ ಆದರೆ ಮಾತ್ರ ಏಜೆಂಟಿಗೆ ಕಮಿಷನ್ ಅಲ್ವಾ, ಅಂತಲೂ ಹೇಳಿದ.

ಆ ಏಣಿಯ ಮಾತು ತಲೆಯಿಂದ ಹೋಗಲೇ ಇಲ್ಲ.

1996ರಲ್ಲಿ ಅಪ್ಪ ಕಲ್ಯಾಣಪುರದ ಹತ್ತಿರ 11 ಸೆಂಟ್ಸ್ ಜಾಗ ತಗೊಂಡರು, ಹಳೇ ಹಂಚಿನ ಮನೆ ಸಮೇತ. ನೋಡದೇ ತಗೊಂಡದ್ದಲ್ಲ. ವಕೀಲರಿಗೆ ಫೀಸು ಕೊಟ್ಟು ಆರ್‌ಟಿಸಿ, ಋಣಭಾರ ಪತ್ರ, ಕಾಯಂ ಗೇಣಿಯ ಮೂಲಗೇಣಿಯಾ, ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕ ಡಿಕ್ಲರೇಶನ್ ಜಾಗವಾ ಅಂತೆಲ್ಲ ನೋಡಿಸಿದ್ದರು. ಪ್ರಶ್ನೆ ಇಡಿಸಿದ್ದರು. ಜೋಯಿಸರು ಕವಡೆ ಸರಿಸಿ, ಮೂಲೆಯಲ್ಲಿ ನಾಗನ ಸಾನ್ನಿಧ್ಯ ಇದೆ, ಹಾಲೆರೆದು ತನು ಹಾಕಿಸಿ ಅಂದಿದ್ದರು. ವೀಳ್ಯದೆಲೆಯ ಮೇಲೆ ದಕ್ಷಿಣೆ ಇಟ್ಟದ್ದು ಅಪ್ಪನೇ. ಹೊಳೆಯ ಉಪ್ಪುನೀರು ಒಳಗೆ ಬರುವ ಊರು ಅಂತ ಮೇ ತಿಂಗಳಲ್ಲೇ ಹೋಗಿ, ಬಾವಿಯಿಂದ ಒಂದು ಕೊಡಪಾನ ಎಳೆದು, ಬೊಗಸೆಯಲ್ಲಿ ಕುಡಿದು ನೋಡಿದ್ದರು.

ಮಾಡು ನೋಡಲು ಮಾತ್ರ ದುಡ್ಡು ಕೊಡಲಿಲ್ಲ. ಮಾರುವವರೇ ಒಬ್ಬ ಮೇಸ್ತ್ರಿಯನ್ನು ಕರೆಸಿದ್ದರು. ಅವನು ಅಂಗಳದಲ್ಲೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. ಒಂದು ಕಂಬಕ್ಕೆ ಗುದ್ದಿದ. "ಇನ್ನು ಐವತ್ತು ವರ್ಷಕ್ಕೆ ಮುಟ್ಲಿಕ್ಕಿಲ್ಲ" ಅಂದ. ಚಾ ಕುಡಿದು ಹೋದ.

ಒಕ್ಕಲಾಗಿ ಮೂರು ವಾರ ಆಗಿರಲಿಲ್ಲ, ಮಳೆ ಹಿಡಿಯಿತು. ಚಾವಡಿಯಲ್ಲಿ ಒಂದು ಹಂಚು ಜಾರಿದ್ದಷ್ಟೇ ಅಂದುಕೊಂಡು ಅಮ್ಮ ಜೇಡನ ಬಲೆ ತೆಗೆಯುವ ಕೋಲಿನಿಂದ ಹಂಚಿನ ಅಡಿಯ ಮರದ ಪಕ್ಕಾಸನ್ನು ತಿವಿದರು. ಕೋಲು ಒಳಗೇ ಹೋಯಿತು. ಮೇಲೆ ಹೊಸದಾಗಿ ಬಳಿದ ಗೇರೆಣ್ಣೆ, ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಒಳಗೆ ಮರವೇ ಇಲ್ಲ, ಬರೀ ಒರಲೆ ಮಣ್ಣು. ಅದು ಪುಡಿಪುಡಿಯಾಗಿ ಅಮ್ಮನ ತಲೆ ಮೇಲೆ ಉದುರಿತು. ಆ ಮಳೆಗಾಲವಿಡೀ ನಾನು, ತಮ್ಮ ಬಾಲ್ದಿಗಳ ನಡುವೆ ಮಲಗಿದೆವು.

ಮೇಸ್ತ್ರಿಗೆ ಎಷ್ಟು ಕೊಟ್ಟಿದ್ರಿ ಅಂತ ತಮ್ಮ ಒಮ್ಮೆ ಕೇಳಿದ. "ಚಾ ಕೊಟ್ಟಿದ್ದೆ" ಅಂದರು ಅಪ್ಪ.

ಈಗ ಅದೇ ತಮ್ಮ ಮಂಗಳೂರಲ್ಲಿ ಫ್ಲ್ಯಾಟ್ ನೋಡುತ್ತಿದ್ದಾನೆ. ನೀನೇ ದುಡ್ಡು ಕೊಟ್ಟು ಒಬ್ಬ ಸಿವಿಲ್ ಇಂಜಿನಿಯರನ್ನು ಕರ್ಕೊಂಡು ಹೋಗು ಅಂದೆ. "ಬಿಲ್ಡರ್ ಎಂತ ಎಣಿಸ್ಲಿಕ್ಕಿಲ್ಲ?" ಅಂದ. 80 ಲಕ್ಷ ಕೊಡುವವನಿಗೆ ನಾಚಿಕೆ ನೋಡಿ! 2016ರ ರೇರಾ ಕಾನೂನು ಇದೆಯಂತೆ, ಮನೆ ಕೈಗೆ ಬಂದು ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ಸರಿ ಮಾಡಿಕೊಡಬೇಕಂತೆ. ಸರಿ. ಆದರೆ ಅದು ಬಾಲ್ದಿ ಇಟ್ಟ ಮೇಲಿನ ಮಾತಾಯಿತಲ್ಲ.

ಇಲ್ಲಿಯ ಇನ್ಸ್‌ಪೆಕ್ಟರ್ ಏಣಿ ತಂದ. ಮೂರು ಗಂಟೆ ಓಡಾಡಿದ. ಹೊರಡುವಾಗ ಬೇಸ್‌ಮೆಂಟಿನಲ್ಲಿ ಒಂದು ಡಬ್ಬ ಇಟ್ಟು, 48 ಗಂಟೆ ಯಾರೂ ಮುಟ್ಟಬಾರದು ಅಂದ. ಅದೇ ರೇಡಾನ್ ಪರೀಕ್ಷೆ. ಎಂಟು ವರ್ಷದ ಮಗಳು ಅದೇನು ಅಂತ ಕೇಳಿದಳು. ಮಣ್ಣಿನ ಅಡಿಯಿಂದ ಮೇಲೆ ಬರುತ್ತೆ, ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ, ಜಾಸ್ತಿಯಾದರೆ ಮನೆಯವರಿಗೆ ಒಳ್ಳೆಯದಲ್ಲ ಅಂದೆ.

"ಅಜ್ಜನ ಮನೆ ನಾಗನ ಹಾಗಾ?"

ಹೋದ ರಜೆಯಲ್ಲಿ ಆ ಮೂಲೆಗೆ ಚಪ್ಪಲಿ ಹಾಕಿ ಹೋಗಬೇಡ ಅಂತ ಅಜ್ಜ ಅವಳನ್ನು ತಡೆದಿದ್ದರು. ನಾನು ಜೋರಾಗಿ ನಕ್ಕುಬಿಟ್ಟೆ. ಇನ್ಸ್‌ಪೆಕ್ಟರ್ ಏನಾಯಿತು ಅಂತ ಕೇಳಿದ. ಅವನಿಗೆ ಹೇಗೆ ಹೇಳುವುದು? ಸುಮ್ನೆ ಏನಿಲ್ಲ ಅಂದೆ.

ರೇಡಾನ್ 6.1 ಬಂತು. ಒಂದು ಲೀಟರ್ ಗಾಳಿಯಲ್ಲಿ 4 ಪಿಕೋಕ್ಯೂರಿ ಮುಟ್ಟಿದರೇ ಸರಿಪಡಿಸಿ ಅನ್ನುತ್ತದೆ ಇಲ್ಲಿನ ಸರಕಾರದ ಪರಿಸರ ಸಂಸ್ಥೆ ಇಪಿಎ. ಪರಿಹಾರ ಇದೆ. ನೆಲದ ಅಡಿಯಿಂದ ಮಾಡಿನ ಮೇಲಿನವರೆಗೆ ಪೈಪು ಎಳೆದು ಫ್ಯಾನ್ ಕೂರಿಸಬೇಕು. ಅದರ ಖರ್ಚು ಮಾರುವವರು ಕೊಡಲಿ ಅಂತ ಬರೆದು ಕಳಿಸಿದ್ದೇವೆ, ಉತ್ತರ ಬಂದಿಲ್ಲ.

ವರದಿಯನ್ನು ಅಪ್ಪನಿಗೂ ವಾಟ್ಸಾಪಿನಲ್ಲಿ ಕಳಿಸಿದೆ, 48 ಪುಟ. ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡರಂತೆ. ಮೂರನೇ ದಿನ ಫೋನ್ ಬಂತು. "31ನೇ ಪುಟದಲ್ಲಿ ಮಾಡಿನ ಫೋಟೋ ಉಂಟಲ್ಲ, ಅದು ಮೇಲೆ ಹತ್ತಿಯೇ ತೆಗೆದದ್ದು" ಅಂದರು. ಸ್ವಲ್ಪ ಹೊತ್ತು ಮಾತಿಲ್ಲ, ಹಾಳೆ ಮಗುಚುವ ಸದ್ದು ಮಾತ್ರ.

"ಬಾವಿ ವಿಷಯ ಎಲ್ಲೂ ಬರೀಲಿಲ್ಲ ಅವನು."

"ಇಲ್ಲಿ ಬಾವಿ ಇಲ್ಲ ಅಪ್ಪ, ನಲ್ಲಿ ನೀರು."

"ಅದೇ, ನಲ್ಲಿದ್ದೇ. ಕುಡಿದು ನೋಡಿದನಾ? ನೀನಾದ್ರೂ ನೋಡಿದ್ಯಾ?"